ಕೈಗೆ ಐದು, ಕಿಚ್ಚಿಗೆ ಒಂಬತ್ತು

ಉಮರಬ್ಬ ಸರ್ ಚೆಂಡನ್ನು ನೋಡುತ್ತಿರಲಿಲ್ಲ. ಬಾಸ್ಕೆಟ್‌ಬಾಲ್ ಅಂಕಣದ ಬದಿಯಲ್ಲಿ ನಿಂತವರ ಕತ್ತುಗಳೆಲ್ಲ ಚೆಂಡಿನ ಹಿಂದೆ ತಿರುಗುತ್ತಿದ್ದರೆ, ಅವರ ಕಣ್ಣು ಮಾತ್ರ ಈಗಷ್ಟೇ ಚೆಂಡು ಕಳೆದುಕೊಂಡವಳ ಮೇಲೆ ನೆಟ್ಟಿರುತ್ತಿತ್ತು. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳೇ, ರೆಫರಿಯ ಮುಖ ನೋಡಿದಳೇ, ಬೂಟಿನ ಲೇಸು ಸರಿಮಾಡುವ ನೆಪ ಹುಡುಕಿದಳೇ, ಅಥವಾ ತಿರುಗಿ ಓಡಿದಳೇ ಎಂದು ನೋಡುತ್ತಿದ್ದರು. ಆ ಕಡೆ ಯಾರೋ ಚೆಂಡನ್ನು ಬುಟ್ಟಿಗೆ ಹಾಕಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಪಕ್ಕದವರನ್ನು ಕೇಳುತ್ತಿದ್ದರು, "ಎಂತ, ಬಿತ್ತಾ?"

ಅವರು ಐದಡಿ ಮೂರಿಂಚಿನ ಮನುಷ್ಯ. ಇದು ಅವರೇ ಹೇಳುತ್ತಿದ್ದ ಅಳತೆ, ಆದ್ದರಿಂದ ಒಂದಿಂಚು ಕಳೆಯಬಹುದು. ಕಾಪು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದರು. ಪೇಟೆಯವರಿಗೆ ಉಮರಾಕ, ನಮಗೆ ಸರ್. ಭಾನುವಾರ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಉಡುಪಿಯ ಒಂದು ಶಾಲೆಯ ಅಂಕಣದಲ್ಲಿ ಹುಡುಗಿಯರಿಗೆ ಆಟ ಕಲಿಸಲು ಬರುತ್ತಿದ್ದರು. ಸೊಂಟದಲ್ಲಿ ಸೀಟಿ ಇರುತ್ತಿರಲಿಲ್ಲ, ಅಂಗಡಿಯ ಅಳತೆ ಟೇಪು ಇರುತ್ತಿತ್ತು. ಹೊಸದಾಗಿ ಬಂದವಳ ಎರಡೂ ಕೈ ಅಗಲಕ್ಕೆ ಚಾಚಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಟೇಪು ಹಿಡಿಸಿ, ಕಿಟಕಿಯ ಚೌಕಟ್ಟಿಗೆ ಅಳತೆ ತೆಗೆದಷ್ಟೇ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು.

ಅವರು ಈ ಆಟಕ್ಕೆ ಬಂದ ಕಥೆಯನ್ನು ನಾನು ಅವರ ಬಾಯಿಂದಲೇ ಹತ್ತಾರು ಸಲ ಕೇಳಿದ್ದೇನೆ. "ಶಾರ್ಜಾದಲ್ಲಿ ನಾನು ಗೋದಾಮು ನೋಡಿಕೊಳ್ಳುದು. ನಮ್ಮ ಕ್ಯಾಂಪಿನ ಫಿಲಿಪೈನ್ಸಿನವರು ಸಂಜೆ ಆದ ಕೂಡಲೇ ಬಾಸ್ಕೆಟ್‌ಬಾಲ್ ಶುರು ಮಾಡ್ತಿದ್ರು. ನನಗೆ ಕ್ರಿಕೆಟ್ ಬರುದಿಲ್ಲ. ಇಸ್ಪೀಟು ಹರಾಮು. ಮತ್ತೆ ಎಂತ ಮಾಡುದು? ಅವರ ಚೆಂಡು ಹೆಕ್ಕಿ ಕೊಡ್ಲಿಕ್ಕೆ ಹೋದೆ. ಹನ್ನೊಂದು ವರ್ಷ ಹೆಕ್ಕಿದೆ." ಆ ಗೆಳೆಯರಿಂದ ಅವರು ತಂದ ಒಂದು ಮಾತು 'ಸಿಗೆ, ಸಿಗೆ'. ನಡೆ, ಮುಂದುವರಿ ಎಂದು ಅರ್ಥವಂತೆ. ನಾವು ಅದನ್ನು ಅವರ ಮನೆಮಾತಾದ ಬ್ಯಾರಿ ಭಾಷೆಯ ಮಾತು ಎಂದುಕೊಂಡಿದ್ದೆವು. ನಮ್ಮ ಜೊತೆಗಿದ್ದ ಬ್ಯಾರಿ ಹುಡುಗಿಯರು ಅದನ್ನು ಇಂಗ್ಲಿಷ್ ಎಂದುಕೊಂಡಿದ್ದರು.

ಅವರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಬಸ್ಸು ಹತ್ತಿದ ಊರೇ ಹೆಸರು. ನಾನು ಅಜೆಕಾರು. ಹೆತ್ತವರು ಇಟ್ಟ ಪ್ರತಿಮಾ ಎಂಬ ಹೆಸರು ಅವರ ಬಾಯಲ್ಲಿ ಬಂದದ್ದು ನನ್ನ ಮದುವೆಯ ಕಾಗದ ಓದಿದಾಗ ಮಾತ್ರ. "ಇದು ಯಾರು?" ಎಂದು ಕೇಳಿದರಂತೆ.

ಆಟಗಾರ್ತಿಯನ್ನು ಅಳೆಯಲು ಅವರ ಕಾಗದದಲ್ಲಿ ಎರಡೇ ಕಾಲಮ್ಮುಗಳಿದ್ದವು. ಒಂದು ಕೈ, ಇನ್ನೊಂದು ಕಿಚ್ಚು. ಎರಡಕ್ಕೂ ಹತ್ತರಲ್ಲಿ ಮಾರ್ಕು. ಹುಟ್ಟಿನಿಂದ ಬಂದದ್ದೆಲ್ಲ ಕೈ: ಎತ್ತರ, ಬೆರಳು, ಕಣ್ಣಳತೆ, ಚೆಂಡು ಎಲ್ಲಿಗೆ ಬರುತ್ತದೆಂದು ಅದು ಬರುವ ಮೊದಲೇ ತಿಳಿಯುವುದು. ಕಿಚ್ಚು ಎಂದರೇನೆಂದು ಅವರು ಎಂದೂ ವಿವರಿಸಲಿಲ್ಲ. ಹೀಗೆ ಮಾತ್ರ ಹೇಳುತ್ತಿದ್ದರು: "ಕೈ ಕಮ್ಮಿ ಇದ್ರೆ ನಾನು ಕಲಿಸ್ತೇನೆ. ಕಿಚ್ಚು ಕಮ್ಮಿ ಇದ್ರೆ ನಾನು ಎಲ್ಲಿಂದ ತರುದು? ನನ್ನ ಅಂಗಡಿಯಲ್ಲಿ ಉಂಟಾ ಅದು?"

"ಎರಡೂ ಇದ್ದವರು ಸರ್?" ಎಂದು ನಾನೊಮ್ಮೆ ಕೇಳಿದ್ದೆ.

"ಅಂಥವರಿಗೆ ಕೋಚ್ ಯಾಕೆ ಮಾರಾಯ್ತಿ? ಒಂದು ಚೆಂಡು ಕೊಟ್ಟು ನಾವು ದೂರ ಹೋದ್ರೆ ಸಾಕು."

ಮೊಬೈಲು ಬಂದ ಮೇಲೆ ಈ ಚಟ ಅಮೆರಿಕದವರೆಗೆ ಹೋಯಿತು. ಅಲ್ಲಿನ ದೊಡ್ಡ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನಮ್ಮಲ್ಲಿ ಅದು ಜೂನ್ ತಿಂಗಳ ಒಂದು ಬೆಳಗ್ಗೆ ಬರುತ್ತದೆ. ಸರ್ ನಸುಕಿನ ಸುಬಹಿ ನಮಾಜು ಮುಗಿಸಿ ಮೊಬೈಲು ಹಿಡಿದು ಕೂರುತ್ತಿದ್ದರು. ನಾನು ಮಣಿಪಾಲದ ಮನೆಯಲ್ಲಿ ಹಾಲು ಕಾಯಿಸುವ ಹೊತ್ತಿಗೆ ಅವರ ಧ್ವನಿ ಸಂದೇಶಗಳು ಒಂದರ ಹಿಂದೊಂದು ಬಂದು ಬೀಳುತ್ತಿದ್ದವು. "ಅಜೆಕಾರು, ನೋಡಿದೆಯಾ? ಆ ಉದ್ದದವನನ್ನು ಆರನೆಯವನಾಗಿ ತೆಗೆದುಕೊಂಡ್ರು. ಕೈಗೆ ಒಂಬತ್ತು, ಒಪ್ಪಿದೆ. ಸೋತ ಮ್ಯಾಚಿನ ನಂತರ ಅವನು ನಗಾಡ್ತಾ ಇದ್ದ, ನಾನು ನೋಡಿದ್ದೇನೆ. ಮೂರು ವರ್ಷ. ಮೂರೇ ವರ್ಷದಲ್ಲಿ ಮನೆಗೆ."

ಮೂರು ವರ್ಷದ ನಂತರ ಆ ಹುಡುಗ ನಿಜವಾಗಿ ಮನೆಗೆ ಹೋದರೆ ನನಗೆ ಮತ್ತೆ ಸಂದೇಶ ಬರುತ್ತಿತ್ತು. ಹೋಗದಿದ್ದರೆ ಬರುತ್ತಿರಲಿಲ್ಲ. ನನಗೆ ಡೈರಿ ಬರೆಯುವ ಅಭ್ಯಾಸ. ಒಮ್ಮೆ ಕುತೂಹಲಕ್ಕೆ ಅವರ ಭವಿಷ್ಯವಾಣಿಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಿದೆ. ಸುಮಾರು ಅರ್ಧ ಸರಿ, ಅರ್ಧ ತಪ್ಪು. ಕಣ್ಣು ಮುಚ್ಚಿ ಚೀಟಿ ಎತ್ತಿದ್ದರೂ ಅಷ್ಟೇ ಬರುತ್ತಿತ್ತೇನೋ. ಈ ಪಟ್ಟಿಯನ್ನು ಅವರಿಗೆ ತೋರಿಸಲಿಲ್ಲ. ತೋರಿಸದಿರಲು ನನಗೆ ನನ್ನದೇ ಕಾರಣವಿತ್ತು. ಅವರು ಜೀವಮಾನದಲ್ಲಿ ಅತ್ಯಂತ ಸರಿಯಾಗಿ ಆರಿಸಿದ್ದು ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದದ್ದು ನನ್ನನ್ನು.

ನಾನು ಒಂಬತ್ತನೇ ತರಗತಿಯಲ್ಲಿದ್ದ ಬೇಸಿಗೆಯ ಮಾತು. ಕ್ರೀಡಾ ಹಾಸ್ಟೆಲಿನಲ್ಲಿ ನಮ್ಮ ಕಡೆಯ ಹುಡುಗಿಗೆ ಒಂದೇ ಒಂದು ಸೀಟು. ಊಟ, ಓದು, ಆಟ ಎಲ್ಲ ಅಲ್ಲೇ, ಮುಂದೆ ಕಾಲೇಜಿಗೂ ದಾರಿ. ಆಯ್ಕೆಯ ಮಾತು ಸರ್ ಅವರದು. ಹದಿನಾಲ್ಕು ಹುಡುಗಿಯರು ಬಂದಿದ್ದೆವು. ಕೊನೆಗೆ ಉಳಿದ ಪ್ರಶ್ನೆ ಇಬ್ಬರದು, ನಾನು ಮತ್ತು ಉದ್ಯಾವರ.

ಉದ್ಯಾವರದ ನಿಜವಾದ ಹೆಸರು ರೇಣುಕಾ, ನಿಜವಾದ ಊರು ಗಜೇಂದ್ರಗಡದ ಕಡೆ. ಅವಳ ತಾಯಿ ಗಾರೆ ಕೆಲಸಕ್ಕೆ ಬಂದವರು. ಹೆದ್ದಾರಿಯ ಪಕ್ಕ ಎದ್ದು ನಿಲ್ಲುತ್ತಿದ್ದ ಕಟ್ಟಡವೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಇದ್ದರು. ರೇಣುಕಾ ನಮ್ಮ ಭಾನುವಾರಗಳಿಗೆ ಬಂದದ್ದು ಮೂರೋ ನಾಲ್ಕೋ ಸಲ. ಅವಳ ಕೈ ಅಳೆದ ದಿನ ಸರ್ ಟೇಪನ್ನು ಒಮ್ಮೆ ಸುತ್ತಿ, ಮತ್ತೆ ಬಿಚ್ಚಿ, ಇನ್ನೊಮ್ಮೆ ಅಳೆದರು. ಅವಳು ಆಡುವುದನ್ನು ನೋಡಿದರೆ ನಮಗೆ ಸಿಟ್ಟು ಬರುತ್ತಿತ್ತು. ನಾವು ತಿಂಗಳುಗಟ್ಟಲೆ ಕಲಿತದ್ದನ್ನು ಅವಳು ಬೇರೇನನ್ನೋ ಯೋಚಿಸುತ್ತಾ ಮಾಡುತ್ತಿದ್ದಳು. ಚೆಂಡು ಅವಳ ಕೈಗೆ ಬಂದರೆ ಮನೆಗೆ ಬಂದ ಹಾಗಿರುತ್ತಿತ್ತು. ಆದರೆ ಚೆಂಡು ಹೋದರೆ ಹೋಯಿತು. ನಿಂತು ಹಣೆ ಒರೆಸಿಕೊಳ್ಳುತ್ತಿದ್ದಳು. ಅದು ಉದಾಸೀನವೋ ದಣಿವೋ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಸರ್ ಒಂದು ಪರೀಕ್ಷೆ ಇಟ್ಟುಕೊಂಡಿದ್ದರು. ಆಯ್ಕೆಯ ಆಟಗಳೆಲ್ಲ ಮುಗಿದ ಮೇಲೆ "ಆಯ್ತು, ಮುಗಿಯಿತು, ಎಲ್ಲರೂ ಮನೆಗೆ ಹೋಗಿ" ಎಂದು ಜೋರಾಗಿ ಹೇಳಿ ಮೆಟ್ಟಿಲ ಮೇಲೆ ಕುಳಿತು ಕಾಗದ ಬರೆಯುವವರಂತೆ ತಲೆ ತಗ್ಗಿಸುತ್ತಿದ್ದರು. ನಿಜವಾದ ಆಯ್ಕೆ ಆಗಲೇ ಶುರುವಾಗುತ್ತಿತ್ತು. ಯಾರು ಚೀಲ ಹೆಗಲಿಗೇರಿಸಿದರು, ಯಾರು ಮತ್ತೆ ಚೆಂಡು ಹಿಡಿದರು? ಉಳಿದು ಆಡಿದವರಿಗೆ ಕೊನೆಗೆ ಬಾಳೆಹಣ್ಣು ಸಿಗುತ್ತಿತ್ತು.

ಆ ದಿನ ರೇಣುಕಾ ಮೊದಲು ಹೊರಟಳು. ನಾನು ಉಳಿದೆ. ಬೇರೆಯವರು ಸ್ವಲ್ಪ ಆಡಿ ಒಬ್ಬೊಬ್ಬರಾಗಿ ಹೋದ ಮೇಲೂ ಒಬ್ಬಳೇ ಬುಟ್ಟಿಗೆ ಚೆಂಡು ಹಾಕುತ್ತಾ, ಒಟ್ಟು ಮುಕ್ಕಾಲು ಗಂಟೆ ಇದ್ದೆ. ಸೀಟು ನನಗೆ ಬಂತು.

"ಇನ್ನೂರು ಸಲ ಹಾಕಿದ್ದಾಳೆ" ಎಂದು ಸರ್ ಮೊದಮೊದಲು ಹೇಳುತ್ತಿದ್ದರು. ನಾನು ಕಾಲೇಜು ಸೇರುವಾಗ ಅದು ಮುನ್ನೂರಾಗಿತ್ತು. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಮಾವನವರಿಗೆ ಐನೂರು ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. "ಕೈ ಏನೂ ಇರಲಿಲ್ಲ ಇವಳಿಗೆ. ಬೇಸರ ಮಾಡಬೇಡಿ, ಏನೂ ಇರಲಿಲ್ಲ. ಆದರೆ ಕಿಚ್ಚು! ಹೋಗು ಹೋಗು ಅಂದ್ರೂ ಹೋಗಲಿಲ್ಲ."

ಹೋಗದಿರಲು ಕಾರಣ ಇಷ್ಟೇ. ಅಜೆಕಾರಿನ ಬಸ್ಸು ಇದ್ದದ್ದು ಐದು ನಲವತ್ತಕ್ಕೆ. ಹದಿನಾಲ್ಕು ವರ್ಷದ ಹುಡುಗಿ ಆಟದ ಚಡ್ಡಿಯ ಮೇಲೆ ಲಂಗ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಮುಕ್ಕಾಲು ಗಂಟೆ ನಿಲ್ಲುವುದು ಹೇಗಿರುತ್ತದೆಂದು ನಿಂತವರಿಗೆ ಗೊತ್ತು. ಶಾಲೆಯ ಅಂಕಣದಲ್ಲಿ ಆ ಕಾಟ ಇರಲಿಲ್ಲ. ಆದರೆ ಸುಮ್ಮನೆ ಕೂತರೆ ವಾಚ್‌ಮನ್ ಎಬ್ಬಿಸುತ್ತಿದ್ದ. ಚೆಂಡು ಹಿಡಿದವರನ್ನು ಎಬ್ಬಿಸುತ್ತಿರಲಿಲ್ಲ. ಆದ್ದರಿಂದ ಚೆಂಡು ಹಿಡಿದೆ. ಇದು ನನ್ನ ನೆನಪು ಮಾತ್ರ ಆಗಿದ್ದರೆ ನಾನೇ ನಂಬುತ್ತಿರಲಿಲ್ಲ. ನೆನಪಿಗೆ ತನ್ನನ್ನು ದೊಡ್ಡದು ಮಾಡಿಕೊಳ್ಳುವ ಚಟ ಇರುವ ಹಾಗೆ ಸಣ್ಣದು ಮಾಡಿಕೊಳ್ಳುವ ಚಟವೂ ಇದೆ. ಆದರೆ ಆ ದಿನದ ಡೈರಿಯಲ್ಲಿ ನನ್ನ ದುಂಡು ಅಕ್ಷರದಲ್ಲಿ ಮೂರು ಸಾಲು ಇದೆ. 'ಸೆಲೆಕ್ಷನ್ ಆಯಿತು. ಬಸ್ಸು 5.40ಕ್ಕೇ ಇದ್ದದ್ದು. ಕೂತದ್ದಕ್ಕೆ ವಾಚ್‌ಮನ್ ಬೈದ, ಮತ್ತೆ ಆಡಿದೆ.'

ಹಾಸ್ಟೆಲಿನಲ್ಲಿ ನಾನು ಏನಾದೆ ಎಂದರೆ, ಬೆಂಚಿನ ಮೇಲೆ ಕುಳಿತವಳಾದೆ. ಒಮ್ಮೆ ಸರ್ ಕಾಪುವಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ನಮ್ಮ ಪಂದ್ಯ ನೋಡಿದರು. ನಾನು ಒಂದು ನಿಮಿಷವೂ ಆಡಲಿಲ್ಲ. ಪಂದ್ಯ ಮುಗಿದ ಮೇಲೆ ಮನೆಯಿಂದ ಕಟ್ಟಿಸಿಕೊಂಡು ಬಂದ ಅಕ್ಕಿರೊಟ್ಟಿಯ ಪೊಟ್ಟಣ ಕೊಟ್ಟು ಹೇಳಿದರು: "ಬೆಂಚಿನಲ್ಲಿ ಆರು ಜನ ಇದ್ರಿ. ಐದು ಜನ ಚೆಂಡು ನೋಡ್ತಾ ಇದ್ರು. ಚೆಂಡು ಬಿಟ್ಟವಳನ್ನು ನೋಡ್ತಾ ಇದ್ದದ್ದು ನೀನೊಬ್ಬಳು. ನಾನು ನೋಡಿದೆ." ನಾನು ನೋಡುತ್ತಿದ್ದದ್ದು ಗೋಡೆಯ ಗಡಿಯಾರವನ್ನು. ರೊಟ್ಟಿ ತಿನ್ನುತ್ತಾ ಅತ್ತುಬಿಟ್ಟೆ. ಅದನ್ನೂ ಅವರು ಕಿಚ್ಚಿನ ಲೆಕ್ಕಕ್ಕೇ ಹಾಕಿದರು.

ಆಮೇಲಿನದೆಲ್ಲ ಆ ಸೀಟಿನಿಂದಲೇ ಬಂತು. ಕ್ರೀಡಾ ಕೋಟಾದಲ್ಲಿ ಕಾಲೇಜು, ಅಲ್ಲಿಂದ ಫಿಸಿಯೋಥೆರಪಿ, ಈಗ ಮಣಿಪಾಲದಲ್ಲಿ ಪಾಠ ಹೇಳುವ ಕೆಲಸ. ಪರೀಕ್ಷೆಯಲ್ಲಿ ಒಂದು ವಿಷಯ ಹೋದಾಗ ಮತ್ತೆ ಕೂತು ಬರೆದೆ. ಆಗ ತಲೆಯಲ್ಲಿದ್ದದ್ದು ಒಂದೇ ಯೋಚನೆ: ಹೋಗು ಅಂದರೂ ಹೋಗದವಳು ನಾನು, ಊರೆಲ್ಲ ಹಾಗೆ ಹೇಳುತ್ತದೆ. ಇಲ್ಲದ ಕಿಚ್ಚು ಇದೆ ಇದೆ ಎಂದು ಹೇಳಿ ಹೇಳಿ ಬಂತೇ? ಅಥವಾ ಇದ್ದದ್ದನ್ನು ಅವರು ಬಸ್ಸಿನ ನೆಪದ ಒಳಗಿನಿಂದಲೂ ಕಂಡಿದ್ದರೇ? ಎರಡನೆಯದು ನನಗೆ ಅನುಕೂಲವಾದ ಉತ್ತರ. ಅದಕ್ಕೇ ಅದರ ಮೇಲೆ ಅನುಮಾನ.

ಆ ದಿನದ ಮಾರ್ಕಿನ ಕಾಗದವನ್ನು ಸರ್ ಅಂಗಡಿಯ ಹಳೆಯ ಬಿಲ್ಲುಗಳ ಫೈಲಿನಲ್ಲಿ ಇಟ್ಟುಕೊಂಡಿದ್ದರು. ಒಮ್ಮೆ ತೆಗೆದು ಹೆಮ್ಮೆಯಿಂದ ತೋರಿಸಿದರು. ಅಜೆಕಾರು: ಕೈಗೆ ಐದು, ಕಿಚ್ಚಿಗೆ ಒಂಬತ್ತು. ಉದ್ಯಾವರ: ಕೈಗೆ ಹತ್ತು, ಕಿಚ್ಚಿಗೆ ಮೂರು. "ಕೈಗೆ ಹತ್ತು ನಾನು ಮತ್ತೆ ಯಾರಿಗೂ ಕೊಡಲಿಲ್ಲ" ಎಂದರು. ಆ ಹತ್ತು ಈಗ ಎಲ್ಲಿದೆ ಎಂದು ನಾವಿಬ್ಬರೂ ಮಾತಾಡಲಿಲ್ಲ.

ಅದು ಉಡುಪಿಯ ಬನ್ನಂಜೆಯಲ್ಲಿತ್ತು. ಎರಡು ವರ್ಷದ ಹಿಂದೆ ಅಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿ ಹೊದಿಕೆ ಕೊಳ್ಳುವಾಗ ಕೌಂಟರಿನ ಆಚೆಯಿಂದ ಒಬ್ಬಳು ನನ್ನನ್ನೇ ದಿಟ್ಟಿಸಿ, "ನೀ ಅಜೆಕಾರ ಅಲ್ಲೇನ?" ಎಂದಳು. ಅವಳ ಕೈಗಳ ಉದ್ದದಿಂದ ಗುರುತು ಹಿಡಿದೆ. ರೇಣುಕಾ ಹತ್ತು ವರ್ಷದಿಂದ ಅಲ್ಲೇ ಇದ್ದಳಂತೆ. ಮಗ ಪಿಯುಸಿ. ನಾನು ಬಹಳ ಸುತ್ತು ಬಳಸಿ ಆ ದಿನದ ವಿಷಯಕ್ಕೆ ಬಂದೆ. ಅವಳು ನೇರವಾಗಿ ಉತ್ತರ ಕೊಟ್ಟಳು.

"ಯಾಕ ಹೋದೆ ಅಂದ್ರ? ಅವತ್ತ ಸ್ಲ್ಯಾಬ್ ಹಾಕೋದಿತ್ತಲ್ಲ. ಕಾಂಕ್ರೀಟು ಶುರು ಆದ್ರ ನಿಲ್ಲಸಾಕ ಬರಂಗಿಲ್ಲ. ಅವ್ವ ನನ್ನ ತಮ್ಮನ್ನ ಎತಗೊಂಡು ಸಾಲಿ ಗೇಟಿನಾಗ ನಿಂತಿದ್ಲು. ಅವನ್ನ ನನ್ನ ಕೈಯಾಗ ಕೊಟ್ಟು ಕೆಲಸಕ್ಕ ಓಡಿದ್ಲು." ಹೊದಿಕೆ ಮಡಚುತ್ತಾ ನಕ್ಕಳು. "ಸರ ಮುಗೀತು, ಮನಿಗೆ ಹೋಗ್ರಿ ಅಂದ್ರು. ನಾ ಹೋದೆ. ಹೋಗ್ರಿ ಅಂದ್ರ ನಿಂದರಬೇಕು ಅಂತ ನನಗೇನ ಗೊತ್ತು?"

ಆಮೇಲೆ ಕೇಳಿದಳು, "ನೀ ಇನ್ನೂ ಆಡ್ತಿಯೇನ?"

"ಇಲ್ಲ."

"ಯಾಕ?"

ಗಲ್ಲಾದಲ್ಲಿ ಹಣ ಕೊಟ್ಟು ಹೊದಿಕೆ ತೆಗೆದುಕೊಂಡು ಬಂದೆ.

ಅಂದಿನಿಂದ ಸರ್ ಕಂಡಾಗಲೆಲ್ಲ ಇದನ್ನು ಹೇಳಿಬಿಡಬೇಕು ಎನಿಸುತ್ತಿತ್ತು. ಹೇಳಿದರೆ ಯಾರಿಗೆ ಲಾಭ? ರೇಣುಕಾಗೆ ಹದಿನಾಲ್ಕು ವರ್ಷ ಮತ್ತೆ ಬರುವುದಿಲ್ಲ. ಹೇಳದಿದ್ದರೆ ನಾನು ಅವರ ಸುಳ್ಳು ಸಾಕ್ಷಿಯಾಗಿ ಬದುಕುತ್ತಿದ್ದೇನೆ. ಇಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಬಹುಪಾಲು ತಿಂದಿತ್ತು. ಬೆಳಕು, ನೆರಳು, ಆಕಾರ ಮಾತ್ರ ತಿಳಿಯುತ್ತಿತ್ತು. ಆದರೂ ಕಳೆದ ವರ್ಷದ ಬೇಸಿಗೆಯಲ್ಲಿ ಮಣಿಪಾಲದಲ್ಲಿ ಆಯ್ಕೆ ನಡೆದಾಗ ಗೌರವಕ್ಕೆಂದು ಅವರನ್ನು ಕರೆದರು. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ನನ್ನ ಕಣ್ಣು ನೀನು. ಚೆಂಡು ನೋಡಬೇಡ, ಆಯ್ತಾ?"

ಇಡೀ ದಿನ ನಾನು ಹೇಳಿದೆ, ಅವರು ಮಾರ್ಕು ಹಾಕಿಸಿದರು. ಸಂಜೆ ಅದೇ ಹಳೆಯ ಧ್ವನಿಯಲ್ಲಿ "ಮುಗಿಯಿತು, ಎಲ್ಲರೂ ಮನೆಗೆ ಹೋಗಿ" ಎಂದು ಕೂಗಿ ನನ್ನ ಕಡೆ ವಾಲಿದರು.

"ಯಾರು ನಿಂತರು?"

"ಕಾರ್ಕಳದ ಹುಡುಗಿ. ಆಡ್ತಾ ಇದ್ದಾಳೆ ಸರ್."

"ಬರಿ. ಕಿಚ್ಚಿಗೆ ಒಂಬತ್ತು."

ನಾನು ಬರೆಯಲಿಲ್ಲ. ಆ ಹುಡುಗಿ ಒಂದು ಸಲ ಚೆಂಡು ಹಾಕಿ ಎರಡು ಸಲ ಗೇಟಿನ ಕಡೆ ನೋಡುತ್ತಿದ್ದಳು. ಯಾರೋ ಕರೆದುಕೊಂಡು ಹೋಗಲು ಬರಬೇಕಿತ್ತು, ಬಂದಿರಲಿಲ್ಲ. "ಸರ್, ಅವಳು ಯಾರನ್ನೋ ಕಾಯ್ತಾ ಇದ್ದಾಳೆ" ಎಂದೆ. ಮತ್ತೆ, ತಡೆಯಲಾಗದೆ, "ನಾನೂ ಆ ದಿನ ಬಸ್ಸು ಕಾಯ್ತಾ ಇದ್ದೆ" ಎಂದೆ.

ಅವರು ನಕ್ಕರು. "ತಮಾಷೆ ಮಾಡಬೇಡ ಮಾರಾಯ್ತಿ."

"ತಮಾಷೆ ಅಲ್ಲ ಸರ್. ಐದು ನಲವತ್ತರ ಬಸ್ಸು."

"ಇದು ಕೂಡ ಕಿಚ್ಚಿದ್ದವರ ಲಕ್ಷಣ. ದೊಡ್ಡಸ್ತಿಕೆ ಹೇಳಿಕೊಳ್ಳುದಿಲ್ಲ."

ಆಗಲೇ ಬಿಟ್ಟುಬಿಡಬಹುದಿತ್ತು. ತಪ್ಪಿಸಿಕೊಳ್ಳಲು ಅವರೇ ನನಗೆ ಬಾಗಿಲು ತೆರೆದು ಕೊಟ್ಟಿದ್ದರು. ಆದರೂ ಮುಂದಿನ ಭಾನುವಾರ ನಾನು ಡೈರಿ ಹಿಡಿದುಕೊಂಡು ಕಾಪುವಿಗೆ ಹೋದೆ. ಅಂಗಡಿಯಲ್ಲಿ ಕುಳಿತು ಮೂರು ಸಾಲು ಓದಿದೆ. ಅವರು ಇನ್ನೊಮ್ಮೆ ಓದಿಸಿದರು. ಅವರ ತಮ್ಮ ಯಾರಿಗೋ ಮೊಳೆ ತೂಗುತ್ತಿದ್ದರು. ಆ ಸದ್ದು ನಿಂತ ಮೇಲೆ ಸರ್ ಕೇಳಿದರು.

"ಮತ್ತೆ ಉದ್ಯಾವರ? ಅವಳು ಯಾಕೆ ಹೋದದ್ದು? ಅದು ಗೊತ್ತುಂಟಾ ನಿನಗೆ?"

ಗೊತ್ತಿತ್ತು. ಅದನ್ನೂ ಹೇಳಿದೆ.

ನಾನು ಎಣಿಸಿದ್ದು ಇಷ್ಟೇ, ನನ್ನ ಎದೆ ಹಗುರಾಗುತ್ತದೆ, ಅವರು ಬೈಯುತ್ತಾರೆ ಅಥವಾ ನಗುತ್ತಾರೆ. ಅವರು ಎರಡನ್ನೂ ಮಾಡಲಿಲ್ಲ. ಫೋನು ಮಾಡಲು ಶುರು ಮಾಡಿದರು. ಇಷ್ಟು ವರ್ಷ ತಾವು ಆರಿಸಿದವರ ನಂಬರುಗಳನ್ನು ಮೊಮ್ಮಗಳಿಂದ ಹುಡುಕಿಸಿ, ಒಬ್ಬೊಬ್ಬರಿಗೂ ಕರೆ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಹೋಗು ಅಂದಾಗ ನೀನು ಯಾಕೆ ಹೋಗಲಿಲ್ಲ?" ದುಬೈಯಲ್ಲಿದ್ದ ಒಬ್ಬಳು ಬಾಳೆಹಣ್ಣಿಗೆ ಎಂದು ನಕ್ಕಳಂತೆ. ಬೆಳ್ಮಣ್ಣಿನವಳು, "ಸರ್, ನಿಮ್ಮ ಆ ಪರೀಕ್ಷೆ ಎಲ್ಲರಿಗೂ ಗೊತ್ತಿತ್ತಲ್ಲ? ದೊಡ್ಡ ಹುಡುಗಿಯರು ಮೊದಲೇ ಹೇಳಿಕೊಡ್ತಿದ್ರು. ಮುಗಿಯಿತು ಅಂದ್ರೆ ಮುಗಿಯಲಿಲ್ಲ ಅಂತ" ಎಂದಳಂತೆ. ಗೊತ್ತಿಲ್ಲದೆ ಇದ್ದದ್ದು ಸರ್ ಅವರಿಗೆ. ಮತ್ತು ಮೂರು ನಾಲ್ಕು ಭಾನುವಾರವಷ್ಟೇ ಬಂದು, ದೊಡ್ಡ ಹುಡುಗಿಯರ ಪರಿಚಯವಾಗದೆ ಉಳಿದವರಿಗೆ.

ಇದನ್ನು ಅವರು ಫೋನಿನಲ್ಲಿ ನನಗೆ ಹೇಳಿದ ಮೇಲೆ ನಾನು ಡೈರಿಯನ್ನು ಮತ್ತೆ ತೆಗೆದೆ. ನಾನು ಎರಡು ವರ್ಷದಿಂದ ಭಾನುವಾರಗಳಿಗೆ ಹೋಗುತ್ತಿದ್ದವಳು. ನನಗೂ ಯಾರಾದರೂ ಹೇಳಿರಬೇಕಲ್ಲವೇ? ಡೈರಿಯಲ್ಲಿ ಅದು ಇಲ್ಲ. ಡೈರಿಯಲ್ಲಿ ಇಲ್ಲದ್ದು ನಡೆದಿಲ್ಲ ಎಂದೇನೂ ಅಲ್ಲ, ಹದಿನಾಲ್ಕರ ಹುಡುಗಿ ಡೈರಿಗೂ ಎಲ್ಲವನ್ನೂ ಹೇಳುವುದಿಲ್ಲ. ಬಸ್ಸು ನಿಜ. ವಾಚ್‌ಮನ್ ನಿಜ. ಆದರೆ ಮೆಟ್ಟಿಲ ಮೇಲೆ ಒಬ್ಬರು ತಲೆ ತಗ್ಗಿಸಿ ನನ್ನನ್ನೇ ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತೋ ಇಲ್ಲವೋ ಎಂಬುದನ್ನು ಈಗ ನಾನು ಪ್ರಮಾಣ ಮಾಡಿ ಹೇಳಲಾರೆ.

ಈ ಫೋನುಗಳಾದ ಮೇಲೆ ಸಹಿಗೆ ಬಂದ ಮಣಿಪಾಲದ ಪಟ್ಟಿಯಲ್ಲಿ ಕಿಚ್ಚಿನ ಕಾಲಮ್ಮನ್ನು ಅವರು ಖಾಲಿ ಬಿಟ್ಟೇ ಸಹಿ ಹಾಕಿದರು. ಆಯ್ಕೆ ಸಮಿತಿಯ ಉಳಿದವರು ಎತ್ತರ ನೋಡಿ ಆರಿಸಿದರು. ಕಾರ್ಕಳದ ಹುಡುಗಿ ಆಗಲಿಲ್ಲ. ಆಗಬೇಕಿತ್ತೋ ಏನೋ, ನನಗೆ ತಿಳಿಯದು.

ಸರ್ ತೀರಿಕೊಂಡದ್ದು ಕಳೆದ ನವೆಂಬರಿನಲ್ಲಿ. ಅದಕ್ಕೆ ಎರಡು ತಿಂಗಳ ಮೊದಲು ಒಂದು ಬೆಳಗ್ಗೆ ಫೋನು ಮಾಡಿ, "ಅವಳ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗು" ಎಂದರು. ಕಾರಿನಲ್ಲಿ ಕಾಪುವಿನಿಂದ ಉದ್ಯಾವರ ದಾಟುವವರೆಗೂ ಏನನ್ನೋ ಬಾಯಿಪಾಠ ಮಾಡುವವರಂತೆ ತುಟಿ ಅಲ್ಲಾಡಿಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು.

ಹಬ್ಬದ ಮುಂಚಿನ ದಿನಗಳು, ಬನ್ನಂಜೆಯ ಆ ಅಂಗಡಿ ಗಿಜಿಗುಡುತ್ತಿತ್ತು. ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ. ರೇಣುಕಾ ಒಮ್ಮೆಗೇ ಗುರುತಿಸಿದಳು.

"ಅಯ್ಯ, ಸರ! ಬರ್ರಿ, ಕೂಡ್ರಿ. ಎಷ್ಟು ವರ್ಷಾತ್ರೀ!" ಕುರ್ಚಿ ಎಳೆದಳು.

"ಉದ್ಯಾವರ ಅಲ್ವಾ ನೀನು?"

"ಹೌದ್ರಿ ಸರ. ನಾ ಗಜೇಂದ್ರಗಡದಾಕಿ ಅಂತ ಆವಾಗೂ ಹೇಳತಿದ್ದೆ, ನೀವು ಕೇಳತಿರಲಿಲ್ಲ."

"ಕೇಳಬೇಕಿತ್ತು" ಎಂದರು ಸರ್. ಮತ್ತೆ, "ಆ ದಿನ ನಾನು..." ಎಂದು ಶುರು ಮಾಡಿದರು. ಅಷ್ಟರಲ್ಲಿ ಒಬ್ಬಾಕೆ ಬಂದು ಮಂಚದ ಹೊದಿಕೆಯ ಬಣ್ಣ ಬಿಡುತ್ತದೆಯೇ ಎಂದು ಕೇಳಿದಳು. ಆಕೆ ಹೋದ ಮೇಲೆ ಇನ್ನೊಬ್ಬರು. ಗಲ್ಲಾದಲ್ಲಿದ್ದ ಮಾಲೀಕರು ಈ ಕಡೆಯೇ ನೋಡುತ್ತಿದ್ದರು. ರೇಣುಕಾ ಮೆಲ್ಲಗೆ, "ಸರ, ಏನರ ತೋರಸಲೇನ್ರಿ? ಸುಮ್ಮನ ನಿಂತ್ರ ಅವರು..." ಎಂದಳು.

"ಲುಂಗಿ" ಎಂದರು ಸರ್. "ಎರಡು ಲುಂಗಿ ಕೊಡು."

ಅವಳು ಏಳೆಂಟು ಲುಂಗಿ ಹರಡಿದಳು. ಅವರು ಬಟ್ಟೆಯನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ ಎರಡನ್ನು ಬದಿಗಿಟ್ಟರು. ಉಳಿದವನ್ನು ರೇಣುಕಾ ಮಡಚಿ ಮೇಲಿನ ಕಪಾಟಿಗೆ ಹಾಕತೊಡಗಿದಳು. ಕಪಾಟು ಅವಳ ತಲೆಗಿಂತ ನಾಲ್ಕೈದು ಅಡಿ ಮೇಲೆ, ಅವಳ ಬೆನ್ನ ಹಿಂದೆ ಇತ್ತು. ಅವಳು ಏಣಿ ತೆಗೆದುಕೊಳ್ಳಲಿಲ್ಲ, ತಿರುಗಲೂ ಇಲ್ಲ. ಇನ್ನೊಬ್ಬ ಗಿರಾಕಿಗೆ ಬೆಲೆ ಹೇಳುತ್ತಲೇ ಒಂದು ಕೈಯಲ್ಲಿ ಕಟ್ಟನ್ನು ಹೆಗಲಿನ ಮೇಲಿನಿಂದ ಎಸೆದಳು. ಅದು ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿ, ಎರಡು ಕಟ್ಟುಗಳ ನಡುವಿನ ಜಾಗದಲ್ಲಿ ಹೋಗಿ ಕೂತಿತು. ಮತ್ತೊಂದು ಅದರ ಮೇಲೆ. ಮತ್ತೊಂದು ಅದರ ಮೇಲೆ, ಅಂಚಿಗೆ ಅಂಚು ಸರಿಯಾಗಿ. ಅಂಗಡಿಯಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ.

ಸರ್ ತಲೆ ಎತ್ತಿದರು. "ಎಂತ ಶಬ್ದ ಅದು?"

ನಾನು ಅವರ ಮುಖ ನೋಡಿದೆ. ಸತ್ಯ ಹೇಳುತ್ತೇನೆಂದು ಹೊರಟವಳು ನಾನೇ.

"ಬಟ್ಟೆ ಎತ್ತಿಡ್ತಾ ಇದ್ದಾಳೆ ಸರ್" ಎಂದೆ.

ವಾಪಸು ಬರುವಾಗ ಲುಂಗಿಯ ಚೀಲ ತೊಡೆಯ ಮೇಲಿತ್ತು. ಕಟಪಾಡಿ ದಾಟಿದ ಮೇಲೆ ಕೇಳಿದರು, "ಅವಳ ಕೈ ಹೇಗುಂಟು? ಈಗಲೂ?"

"ನಾನು ಸರಿಯಾಗಿ ನೋಡಲಿಲ್ಲ ಸರ್."

ಕಾಪು ಪೇಟೆ ಬಂತು. ಅಂಗಡಿಯ ಎದುರು ಕಾರು ನಿಲ್ಲಿಸಿದಾಗ ತಮ್ಮ ಓಡಿ ಬಂದು ಬಾಗಿಲು ತೆರೆದರು. ಇಳಿಯುವ ಮೊದಲು ಸರ್ ನನ್ನ ಕಡೆ ತಿರುಗಿದರು. ಅವರಿಗೆ ಕಂಡದ್ದು ಒಂದು ನೆರಳು ಮಾತ್ರ ಇರಬೇಕು.

"ನೋಡಬೇಕಿತ್ತು ನೀನು" ಎಂದರು.

ತಮ್ಮನ ಹೆಗಲು ಹಿಡಿದು, ಕಾಲಿನಲ್ಲಿ ಮೆಟ್ಟಿಲು ತಡಕುತ್ತಾ ಒಳಗೆ ಹೋದರು.